ನಡುವೆ ಕ್ಯೂ ಇರುವ ಇಂಗ್ಲಿಷ್ ಪದ ಹುಡುಕೋದು ಹೇಗೆ? ಮಗಳ ಹತ್ತಿರ ಸೋತು ಸಾಕಾಗಿದೆ

ಮೂಡಿಗೆರೆ_ರೈಟರ್

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದ್ರೆ ಕಥೆ ಬರೆಯುವವನಲ್ಲ, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಗೊಬ್ಬರದ ಲೆಕ್ಕ, ಆಳುಗಳ ಬಟವಾಡೆ ಬರೆಯುವವನು. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಪತ್ರ ಬಂದರೆ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಅಷ್ಟೇ.

ಮಗಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಾಳೆ. ಶನಿವಾರ ಮನೆಗೆ ಬರುತ್ತಾಳೆ. ಬೇಸಿಗೆ ರಜೆಗೆ ಬಂದಾಗ ಒಂದು ಸ್ಕ್ರ್ಯಾಬಲ್ ಬೋರ್ಡ್ ತಂದಳು. ಚೀಲದಿಂದ ಅಕ್ಷರದ ಬಿಲ್ಲೆ ಎತ್ತಿ, ಬೋರ್ಡಿನ ಮೇಲೆ ಇಂಗ್ಲಿಷ್ ಪದ ಜೋಡಿಸಿ ಅಂಕ ಗಳಿಸೋ ಆಟ. ನಮ್ಮ ಕಡೆ ಮಳೆಗಾಲದ ಕಥೆ ನಿಮಗೆ ಗೊತ್ತೇ ಇದೆ, ಜೂನ್‌ನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ, ಕರೆಂಟಿಲ್ಲ ಅಂದ್ರೆ ಟವರೂ ಇಲ್ಲ, ಟಿವಿಯೂ ಇಲ್ಲ, ಹಾಗಾಗಿ ಸಂಜೆ ಏಳಕ್ಕೆ ಎಮರ್ಜೆನ್ಸಿ ಲೈಟ್ ಇಟ್ಟುಕೊಂಡು ಇದೇ ಆಟ. ಒಂದು ಇ ಬಿಲ್ಲೆ ಕಳೆದುಹೋಗಿದೆ. ಅದರ ಬದಲು ಚೀಲಕ್ಕೆ ಒಂದು ಕಾಫಿ ಬೀಜ ಹಾಕಿದ್ದೇವೆ. ಕೈ ಹಾಕಿದ ತಕ್ಷಣ ಗೊತ್ತಾಗುತ್ತೆ, ಬೇಕಾದವರು ಎತ್ತಿಕೊಳ್ಳಬಹುದು. ಇರಲಿ, ಅದು ಬೇರೆ ಜಗಳ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಶನಿವಾರ ನನಗೆ ಬಂದ ಏಳು ಅಕ್ಷರ: ಕ್ಯೂ, ಟಿ, ಎ, ಐ, ಎನ್, ಆರ್, ಎಸ್. ಯು ಇಲ್ಲ. ಕ್ಯೂ ಆದಮೇಲೆ ಯು ಬರಲೇಬೇಕು ಅಂತ ನಮಗೆ ಮೇಷ್ಟ್ರು ಹೇಳಿಕೊಟ್ಟಿದ್ದು. ಮನೆಯಲ್ಲಿ ಹಳೇ ಡಿಕ್ಷನರಿ ಇದೆ, ಅದರಲ್ಲಿ ಕ್ಯೂ ಇರೋ ಎಲ್ಲಾ ಪುಟ ನೋಡಿದೆ (ಮಗಳು ಐದು ನಿಮಿಷ ಟೈಂ ಕೊಟ್ಟಿದ್ದಳು, ಪಾಪ). ಏನೂ ಸಿಗಲಿಲ್ಲ. ಕೊನೆಗೆ ಸರದಿ ಬಿಟ್ಟುಕೊಟ್ಟು ಕ್ಯೂ ಅನ್ನು ಚೀಲಕ್ಕೆ ವಾಪಸ್ ಹಾಕಿದೆ. ಎರಡು ಸರದಿ ಆದಮೇಲೆ ಅವಳು ಅದೇ ಕ್ಯೂ ಎತ್ತಿದಳು, ಯು ಅವಳ ಹತ್ತಿರ ಮೊದಲೇ ಇತ್ತು. ಮುಗೀತು ಕಥೆ.

ನನ್ನ ಪ್ರಶ್ನೆ ಇಷ್ಟೇ. ಡಿಕ್ಷನರಿ ಮೊದಲ ಅಕ್ಷರದ ಪ್ರಕಾರ ಜೋಡಿಸಿರುತ್ತಾರೆ. ಆದರೆ ನನಗೆ ಬೇಕಾದ ಅಕ್ಷರ ಪದದ ನಡುವೆಯೋ ಕೊನೆಯಲ್ಲೋ ಇದ್ದರೆ ಹುಡುಕೋದು ಹೇಗೆ? ಮೂರನೇ ಅಕ್ಷರ ಎಕ್ಸ್ ಆಗಿರೋ ಪದ ಯಾವುದು ಅಂತ ಡಿಕ್ಷನರಿಯನ್ನು ಕೇಳೋಕೆ ಆಗಲ್ಲ ಅಲ್ವಾ? ಇದಕ್ಕೆ ಏನಾದರೂ ದಾರಿ ಇದ್ದರೆ ಹೇಳಿ. ಇನ್ನೊಂದು ಮಾತು, ನೆಟ್‌ವರ್ಕ್ ಬೇಕೆಂದರೆ ನಾನು ಕೊಡೆ ಹಿಡಿದುಕೊಂಡು ಕಾಫಿ ಕಣದ ಆ ತುದಿಗೆ ಹೋಗಿ ನಿಲ್ಲಬೇಕು. ಆದ್ದರಿಂದ ನೆಟ್ ಇಲ್ಲದೆ ನಡೆಯುವಂಥದ್ದು ಆದರೆ ಒಳ್ಳೇದು.

ಹಾಸನ_ಹುಡುಗ

ಅಣ್ಣ, ಮೊದಲು ಕೂತ್ಕೊಳಿ, ಆಮೇಲೆ ಓದಿ. ನಿಮ್ಮ ಕೈಯಲ್ಲಿದ್ದ ಏಳಕ್ಕೆ ಏಳೂ ಅಕ್ಷರ ಸೇರಿ ಒಂದೇ ಪದ ಆಗುತ್ತಿತ್ತು. ಕ್ಯೂ-ಐ-ಎನ್-ಟಿ-ಎ-ಆರ್-ಎಸ್, ಕಿಂಟಾರ್ಸ್. ಅಲ್ಬೇನಿಯಾ ದೇಶದ ಚಿಲ್ಲರೆ ದುಡ್ಡು, ಅಲ್ಲಿನ ಒಂದು ಲೆಕ್‌ಗೆ ನೂರು ಕಿಂಟಾರ್. ನಮ್ಮ ಪೈಸೆ ಇದ್ದ ಹಾಗೆ. ಏಳೂ ಬಿಲ್ಲೆ ಒಂದೇ ಸಲ ಇಟ್ಟರೆ 50 ಅಂಕ ಬೋನಸ್, ಕ್ಯೂಗೆ 10, ಉಳಿದ ಆರಕ್ಕೆ ಒಂದೊಂದು. ಬೋರ್ಡಿನಲ್ಲಿ ಅಂಕ ಹೆಚ್ಚಿಸೋ ಬಣ್ಣದ ಮನೆಗಳ ಲಾಭ ಬಿಟ್ಟು ಬರೀ ಇದೇ 66. ಬೋರ್ಡಿನಲ್ಲಿ ಜಾಗ ಸಿಕ್ಕಿದ್ದರೆ ಅನ್ನೋ ಮಾತು ಸೇರಿಸಿಕೊಳ್ಳಿ.

ಬೇಜಾರು ಮಾಡ್ಕೋಬೇಡಿ, ಇದು ನನ್ನ ತಲೆಯಿಂದ ಬಂದದ್ದಲ್ಲ. ಹುಡುಕಿದ್ದು. ಹೇಗೆ ಅಂದ್ರೆ, ನೀವು ಹೇಳಿದ ಹಾಗೆ ಡಿಕ್ಷನರಿಯ ತೊಂದರೆ ಏನು? ಪದದ ಮೊದಲ ಅಕ್ಷರ ಗೊತ್ತಿರಬೇಕು. ನಮಗೆ ಅದೇ ಗೊತ್ತಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಪ್ರತಿ ಪದದ ಅಕ್ಷರಗಳನ್ನೂ ಎ ಬಿ ಸಿ ಡಿ ಕ್ರಮಕ್ಕೆ ಜೋಡಿಸಿ ಪದದ ಪಕ್ಕ ಬರೆದಿಡೋದು. ಲಿಸನ್ ಅನ್ನೋ ಪದ ತಗೊಳ್ಳಿ, ಎಲ್-ಐ-ಎಸ್-ಟಿ-ಇ-ಎನ್. ಜೋಡಿಸಿದರೆ ಇ-ಐ-ಎಲ್-ಎನ್-ಎಸ್-ಟಿ. ಈಗ ಸೈಲೆಂಟ್ ಜೋಡಿಸಿ, ಅದೂ ಇ-ಐ-ಎಲ್-ಎನ್-ಎಸ್-ಟಿ. ಎನ್‌ಲಿಸ್ಟ್, ಟಿನ್ಸೆಲ್, ಇನ್ಲೆಟ್ಸ್, ಎಲ್ಲದಕ್ಕೂ ಅದೇ ಗುರುತು. ಅಂದ್ರೆ ನಿಮ್ಮ ಏಳು ಬಿಲ್ಲೆಯನ್ನು ಕ್ರಮವಾಗಿ ಜೋಡಿಸಿ ಅದೇ ಗುರುತು ಇರೋ ಪದ ಯಾವುದು ಅಂತ ನೋಡಿದರೆ ಆಯ್ತು, ಕಲಸಿ ಕಲಸಿ ನೋಡೋ ಕೆಲಸವೇ ಇಲ್ಲ. ಏಳು ಬೇರೆ ಬೇರೆ ಅಕ್ಷರವನ್ನು 5,040 ಥರ ಜೋಡಿಸಬಹುದು ಅಣ್ಣ, ನೀವು ಐದು ನಿಮಿಷದಲ್ಲಿ ಎಷ್ಟು ನೋಡ್ತೀರಾ. ನಾನು ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲು ಬರೆದು ಇಟ್ಟುಕೊಂಡಿದ್ದೇನೆ, ಒಂದು ಸೆಕೆಂಡೂ ಬೇಡ.

ನಿಮಗೆ ಪೈಥಾನ್ ಬೇಡ. ತೋಟದ ಆಫೀಸಲ್ಲಿ ಚೆಕ್‌ರೋಲ್ ಕಂಪ್ಯೂಟರ್‌ನಲ್ಲೇ ಮಾಡ್ತೀರಿ ಅಲ್ವಾ? ಹಾಗಿದ್ರೆ ಎಕ್ಸೆಲ್ ಸಾಕು. ಎನೇಬಲ್ ಅಂತ ಒಂದು ಪದಪಟ್ಟಿ ಇದೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದರಲ್ಲಿ 1,72,000ಕ್ಕೂ ಜಾಸ್ತಿ ಪದ. ಬರೀ ಪದ, ಅರ್ಥ ಇಲ್ಲ, ಹಾಗಾಗಿ ಫೈಲು ಎರಡು ಎಂಬಿಯೂ ಇಲ್ಲ. ಕಣದ ತುದಿಗೆ ಒಂದೇ ಸಲ ಹೋಗಿ ಇಳಿಸಿಕೊಂಡು ಬನ್ನಿ. ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಒಂದು ಪದ ಬರುವ ಹಾಗೆ ತೆಗೆದು ಫಿಲ್ಟರ್ ಹಾಕಿ. ಆಮೇಲೆ ಕಸ್ಟಮ್ ಅನ್ನೋದಕ್ಕೆ ಹೋಗಿ.

ಅಲ್ಲಿ ಎರಡು ಚಿಹ್ನೆ ನೆನಪಿಟ್ಟುಕೊಂಡರೆ ಸಾಕು. ಪ್ರಶ್ನಾರ್ಥಕ ಚಿಹ್ನೆ ಅಂದ್ರೆ ಯಾವುದಾದರೂ ಒಂದು ಅಕ್ಷರ. ನಕ್ಷತ್ರ ಅಂದ್ರೆ ಎಷ್ಟು ಅಕ್ಷರ ಬೇಕಾದರೂ. ಮೂರನೇ ಅಕ್ಷರ ಎಕ್ಸ್ ಬೇಕಾ? ಎರಡು ಪ್ರಶ್ನಾರ್ಥಕ, ಆಮೇಲೆ ಎಕ್ಸ್, ಆಮೇಲೆ ನಕ್ಷತ್ರ. ಬರೀ ಐದಕ್ಷರದ ಪದ ಬೇಕಾ? ಐದು ಪ್ರಶ್ನಾರ್ಥಕ. ನಿಮ್ಮ ಕ್ಯೂ ಸಂಕಟಕ್ಕೆ ಇನ್ನೂ ಸುಲಭ. ಕಸ್ಟಮ್‌ನಲ್ಲಿ ಎರಡು ಷರತ್ತು ಹಾಕಬಹುದು. ಮೊದಲನೆಯದು ಕ್ಯೂ ಇರಬೇಕು, ಎರಡನೆಯದು ಕ್ಯೂ-ಯು ಇರಬಾರದು. ಎರಡರ ನಡುವೆ ಆಂಡ್ ಒತ್ತಿ. ಯು ಇಲ್ಲದೆ ಕ್ಯೂ ಬರುವ ಪದಗಳು ಒಂದು ಪುಟದಲ್ಲಿ ಬಂದು ನಿಲ್ಲುತ್ತವೆ.

ಒಂದು ತಮಾಷೆ ಗಮನಿಸಿ. ಆ ಪಟ್ಟಿಯಲ್ಲಿ ಟ್ರೂ, ಫಾಲ್ಸ್ ಅನ್ನೋ ಎರಡು ಪದ ಮಾತ್ರ ಕ್ಯಾಪಿಟಲ್ ಅಕ್ಷರವಾಗಿ ಸಾಲಿನ ಮಧ್ಯಕ್ಕೆ ಬಂದು ಕೂತಿರುತ್ತವೆ. ಎಕ್ಸೆಲ್ ಅವನ್ನು ಪದ ಅಂತ ನೋಡಲ್ಲ, ಸರಿ-ತಪ್ಪು ಅಂತ ತೀರ್ಪು ಅಂದುಕೊಂಡುಬಿಡುತ್ತೆ.

ಕಡೂರು_ಎಕ್ಸ್‌ಪ್ರೆಸ್

ಕ್ಷಮಿಸಿ, ನನಗೆ ಇದು ಸರಿ ಕಾಣಲಿಲ್ಲ. ಮಗಳ ಜೊತೆ ಆಡುವ ಆಟಕ್ಕೆ ಕಂಪ್ಯೂಟರ್ ಇಟ್ಟುಕೊಂಡು ಪದ ಹುಡುಕೋದು ಅಂದ್ರೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹಾಗೆ. ಗೊತ್ತಿದ್ದರೆ ಆಡಿ, ಇಲ್ಲದಿದ್ದರೆ ಸೋಲಿ. ಸೋತರೆ ಏನೀಗ?

ಮೂಡಿಗೆರೆ_ರೈಟರ್

ಕಡೂರು ಸಾರ್, ಆಟದ ಮಧ್ಯೆ ನೋಡೋಕಲ್ಲ. ವಾರದ ಮಧ್ಯೆ ಕೂತು ಕಲಿಯೋಕೆ. ಸೋತರೆ ಏನೀಗ ಅಂದ್ರಲ್ಲ, ನಮ್ಮನೇಲಿ ಸೋತವರು ಪಾತ್ರೆ ತೊಳೀಬೇಕು. ಮಳೆಗಾಲದಲ್ಲಿ ಆ ನೀರಿಗೆ ಕೈ ಇಟ್ಟು ನೋಡಿ ಒಂದ್ಸಲ.

ಸಾಲಗಾಮೆ_ಮೇಷ್ಟ್ರು

ಹಾಸನದ ಹುಡುಗ ಹೇಳಿದ್ದು ಸರಿಯಾಗಿದೆ, ಆದರೆ ರೈಟರೇ, ಪದಪಟ್ಟಿ ತೆಗೆದು ಒಂದು ಲಕ್ಷ ಪದ ಎದುರಿಗೆ ಇಟ್ಟುಕೊಂಡರೆ ನೀವು ಏನನ್ನೂ ಕಲಿಯುವುದಿಲ್ಲ. ನಾನು ರಿಟೈರ್ ಆದಮೇಲೆ ಈ ಆಟ ಶುರು ಮಾಡಿದವನು. ಮೊದಲು ನಾನೂ ಉದ್ದುದ್ದ ಪದದ ಹಿಂದೆ ಬಿದ್ದೆ. ತಪ್ಪು. ಗೆಲ್ಲಿಸುವುದು ಎರಡಕ್ಷರದ ಪದಗಳು.

ಯಾಕೆ ಅಂತ ಹೇಳುತ್ತೇನೆ. ಬೋರ್ಡಿನಲ್ಲಿ ಆಗಲೇ ಒಂದು ಪದ ಅಡ್ಡಕ್ಕೆ ಮಲಗಿದೆ ಅಂದುಕೊಳ್ಳಿ. ಅದರ ಕೆಳಗೇ ಅಂಟಿಕೊಂಡ ಹಾಗೆ ನಿಮ್ಮ ಪದ ಇಡಬೇಕಾದರೆ, ಮೇಲಿನ ಅಕ್ಷರ ಕೆಳಗಿನ ಅಕ್ಷರ ಸೇರಿ ಒಂದೊಂದು ಎರಡಕ್ಷರದ ಪದ ಆಗಬೇಕು. ಆ ಪದಗಳು ಗೊತ್ತಿದ್ದವನಿಗೆ ಎಲ್ಲಿ ಬೇಕಾದರೂ ಜಾಗ ಸಿಗುತ್ತದೆ, ಮತ್ತು ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ. ಗೊತ್ತಿಲ್ಲದವನು ಯಾವುದೋ ಪದದ ತುದಿಗೆ ಒಂದು ಎಸ್ ಅಂಟಿಸುತ್ತಾ ಕೂರುತ್ತಾನೆ.

ಟೂರ್ನಮೆಂಟ್‌ಗಳಲ್ಲಿ ಬಳಸುವ ಕಾಲಿನ್ಸ್ ಪದಪಟ್ಟಿಯ 2019ರ ಆವೃತ್ತಿಯಲ್ಲಿ ಒಟ್ಟು 2.79 ಲಕ್ಷ ಪದ. ಅದರಲ್ಲಿ ಎರಡಕ್ಷರದವು 127 ಮಾತ್ರ. ನೂರಿಪ್ಪತ್ತೇಳು! ಒಂದು ಕ್ಯಾಲೆಂಡರ್ ಹಾಳೆಯ ಹಿಂದೆ ಹಿಡಿಸುತ್ತದೆ, ನಾನು ಹಾಗೆಯೇ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆ. ನಮ್ಮ ಮನೆಯವರು ಮೊದಲು ಬೈದರು, ಆಮೇಲೆ ಒಗ್ಗರಣೆ ಹಾಕುತ್ತಾ ಅವರಿಗೇ ಬಾಯಿಪಾಠ ಆಯಿತು. ಈಗ ನನ್ನನ್ನು ಅವರೇ ಸೋಲಿಸುತ್ತಾರೆ.

ಎಲ್ಲವನ್ನೂ ಒಂದೇ ದಿನ ಕಲಿಯಬೇಡಿ. ಮೊದಲು ಎಕ್ಸ್. ಎಂಟು ಅಂಕದ ಅಕ್ಷರ, ಎಲ್ಲರೂ ಹೆದರುತ್ತಾರೆ. ಆದರೆ ಐದು ಸ್ವರದ ಜೊತೆಗೂ ಅದಕ್ಕೆ ಎರಡಕ್ಷರದ ಪದ ಇದೆ. ಎ-ಎಕ್ಸ್, ಇ-ಎಕ್ಸ್, ಒ-ಎಕ್ಸ್. ಐ ಮತ್ತು ಯುಗೆ ಮಾತ್ರ ಎಕ್ಸ್ ಮುಂದೆ ಬರಬೇಕು: ಎಕ್ಸ್-ಐ, ಎಕ್ಸ್-ಯು. ಕೊಡಲಿ, ಹಳೇದು, ಎತ್ತು, ಗ್ರೀಕರ ಅಕ್ಷರ, ವಿಯೆಟ್ನಾಂ ನಾಣ್ಯ. ಮುಗಿಯಿತು ಎಕ್ಸ್ ಪಾಠ. ಝಡ್‌ಗೆ ಝಡ್-ಎ, ಝಡ್-ಒ. ಜೆಗೆ ಜೆ-ಒ, ಜೆ-ಎ. ವಿ ಅಕ್ಷರಕ್ಕೆ ಮಾತ್ರ ಎರಡಕ್ಷರದ ಪದ ಒಂದೂ ಇಲ್ಲ, ಅದಕ್ಕೇ ಅದು ಕೈಗೆ ಬಂದರೆ ಬೇಗ ಕಳಿಸಿಬಿಡಿ.

ಇನ್ನು ಕ್ಯೂ. ಅದಕ್ಕೆ ಎರಡಕ್ಷರದ ಪದ ಒಂದೇ, ಕ್ಯೂ-ಐ. 'ಚೀ' ಅಂತ ಓದಬೇಕು, ಚೀನೀಯರು ಪ್ರಾಣಶಕ್ತಿ ಅನ್ನುತ್ತಾರಲ್ಲ ಅದು. ನಿಮ್ಮ ಹತ್ತಿರ ಐ ಇತ್ತು! ಅಕ್ಷರದ ಅಂಕ ಮೂರು ಪಟ್ಟಾಗುವ ಮನೆಯ ಬಲಕ್ಕೊಂದು, ಕೆಳಗೊಂದು ಐ ಇದ್ದರೆ ಆ ಮನೆಯಲ್ಲಿ ಒಂದೇ ಒಂದು ಕ್ಯೂ ಇಟ್ಟು ಎರಡೂ ಕಡೆ ಪದ ಮಾಡಿ 62 ಅಂಕ ಹೊಡೆಯಬಹುದು. ನಾನು ಒಮ್ಮೆ ಹೊಡೆದಿದ್ದೇನೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಕ್ಯೂ ಆದಮೇಲೆ ಯು ಬರಲೇಬೇಕು ಅಂತ ನಿಮ್ಮ ಮೇಷ್ಟ್ರು ಹೇಳಿದ್ದು ಇಂಗ್ಲಿಷಿನ ಸ್ವಂತ ಪದಗಳಿಗೆ ಸರಿ. ಅರಬ್ಬೀ ಕಡೆಯಿಂದ ಬಂದ ಪದಗಳಿಗೆ ಆ ನಿಯಮ ಇಲ್ಲ. ಅಲ್ಲಿ ನಮಗೇ ಲಾಭ, ಯಾಕೆಂದರೆ ಆ ಪದಗಳು ಉರ್ದು ಮೂಲಕ ನಮ್ಮ ಊರಿನ ಬಾಯಲ್ಲೇ ಇವೆ. ಫಕೀರ, ಎಫ್-ಎ-ಕ್ಯೂ-ಐ-ಆರ್. ಖಾಜಿ, ಕ್ಯೂ-ಎ-ಡಿ-ಐ. ತಲಾಖ್, ಟಿ-ಎ-ಎಲ್-ಎ-ಕ್ಯೂ. ಬುರ್ಖಾ, ಬಿ-ಯು-ಆರ್-ಕ್ಯೂ-ಎ. ಇಂಗ್ಲೆಂಡಿನ ಹುಡುಗ ಇವನ್ನು ಉರು ಹೊಡೆಯಬೇಕು, ಹಾಸನದ ಹುಡುಗನಿಗೆ ಸ್ಪೆಲ್ಲಿಂಗ್ ಒಂದು ನೋಡಿಕೊಂಡರೆ ಸಾಕು. ಕ್ಯೂ-ಎ-ಟಿ ಅಂತ ಇನ್ನೊಂದಿದೆ, ಯೆಮನ್ ದೇಶದಲ್ಲಿ ಜನ ನಮ್ಮ ಎಲೆಅಡಿಕೆ ಥರ ಬಾಯಲ್ಲಿ ಇಟ್ಟುಕೊಳ್ಳುವ ಒಂದು ಸೊಪ್ಪು. ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅಂತಾರಲ್ಲ, ಅದೇ ಯೆಮನ್. ಅವರು ಏಳು ಬೀಜ ತಂದರು, ನಿಮಗೆ ಏಳು ಬಿಲ್ಲೆ. ನೆನಪಿಟ್ಟುಕೊಳ್ಳೋಕೆ ಇಷ್ಟು ಸಾಕು.

ಕೊನೆಯದಾಗಿ, ಕನ್ನಡ ಮೀಡಿಯಂ ಅಂತ ಯಾಕೆ ಹಿಂಜರಿಯುತ್ತೀರಿ? ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಅನ್ನುವ ಆಟಗಾರ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ. ಅವನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನು ಕಲಿತು ಹೋಗಿ ಕೂತ. ಅಲ್ಲಿಗೆ ಭಾಷೆ ಬೇರೆ, ಈ ಆಟ ಬೇರೆ ಅಂತ ಆಯಿತಲ್ಲ.

ಕಡೂರು_ಎಕ್ಸ್‌ಪ್ರೆಸ್

ಫ್ರೆಂಚ್ ಬರದವನು ಫ್ರೆಂಚ್ ಚಾಂಪಿಯನ್ನಾ? ಇದು ಇನ್ನೂ ಅನ್ಯಾಯ.

ಇರಲಿ ಮೇಷ್ಟ್ರೇ, ಒಂದು ಕೇಳ್ತೀನಿ. ನನಗೆ ಯಾವಾಗಲೂ ಉಲ್ಟಾ ಕಷ್ಟ. ಒಂದು ಸ್ವರವೂ ಇಲ್ಲದೆ ಬರೀ ವ್ಯಂಜನ ಬರುತ್ತವೆ. ಆಗ ಏನು ಮಾಡೋದು? (ನಾನು ಚೀಟಿ ಇಟ್ಟುಕೊಳ್ಳಲ್ಲ, ಸುಮ್ನೆ ಕೇಳಿದೆ.)

ಸಾಲಗಾಮೆ_ಮೇಷ್ಟ್ರು

ವೈ ಇದ್ದರೆ ಅದೇ ನಿಮ್ಮ ಸ್ವರ. ಲಿಂಕ್ಸ್ ಅನ್ನುವ ಕಾಡುಬೆಕ್ಕು, ಎಲ್-ವೈ-ಎನ್-ಎಕ್ಸ್. ಕ್ರಿಪ್ಟ್, ಹಿಮ್ (ಎಚ್-ವೈ-ಎಂ-ಎನ್), ರಿದಮ್, ಇವೆಲ್ಲ ವೈ ಮೇಲೆ ನಿಂತಿವೆ. ವೈಯೂ ಇಲ್ಲವೆಂದರೆ ಬಾಯಲ್ಲಿ ಮಾಡುವ ಶಬ್ದಗಳು. ಎಚ್-ಎಂ-ಎಂ, ಟಿ-ಎಸ್-ಕೆ, ಪಿ-ಎಸ್-ಎಸ್-ಟಿ. ಹ್ಮ್ ಅನ್ನೋದಕ್ಕೂ ಅಂಕ ಕೊಡುತ್ತಾರೆ. ಮತ್ತೆ ಸಿ-ಡಬ್ಲ್ಯು-ಎಂ, ಕೂಮ್ ಅಂತ ಓದಬೇಕು, ವೇಲ್ಸ್ ಕಡೆಯ ಪದ. ಬೆಟ್ಟದ ತಲೆಯ ಹತ್ತಿರ ಬಟ್ಟಲಿನ ಥರ ತಗ್ಗಾದ ಕಣಿವೆ. ಅಲ್ಲಿ ಡಬ್ಲ್ಯುವೇ ಸ್ವರದ ಕೆಲಸ ಮಾಡುತ್ತದೆ.

ಮೂಡಿಗೆರೆ_ರೈಟರ್

ಒಂದು ವಾರ ಆಯ್ತು, ವರದಿ ಒಪ್ಪಿಸುತ್ತೇನೆ.

ಕಣದ ತುದಿಗೆ ಹೋಗಿ ಫೈಲು ಇಳಿಸಿದೆ. ಆಫೀಸಿನ ಕಂಪ್ಯೂಟರಿಗೆ ಹಾಕಿದೆ. ಅರ್ಧಕ್ಕೇ ನಿಂತುಹೋಯಿತು! ಫೈಲು ಪೂರ್ತಿ ಬಂದಿಲ್ಲ ಅಂತ ಎಕ್ಸೆಲ್ ಹೇಳುತ್ತೆ. ನಾನು ನೆಟ್‌ವರ್ಕಿಗೆ ಬೈದುಕೊಂಡು ಮತ್ತೆ ಕೊಡೆ ಹಿಡಿದು ಹೋಗಿ ಇಳಿಸಿದೆ, ಮತ್ತೆ ಅದೇ ಕಥೆ. ಆಮೇಲೆ ಸಾಲು ನೋಡಿದರೆ ಕೊನೇ ನಂಬರ್ 65,536. ನಮ್ಮದು 2003ರ ಎಕ್ಸೆಲ್. ಸಾಹುಕಾರರು ಬದಲಾಯಿಸೋಣ ಬದಲಾಯಿಸೋಣ ಅಂತ ಹತ್ತು ವರ್ಷದಿಂದ ಹೇಳ್ತಿದ್ದಾರೆ. ಕೊನೆಗೆ ನೋಟ್‌ಪ್ಯಾಡಿನಲ್ಲಿ ಫೈಲನ್ನು ಮೂರು ತುಂಡು ಮಾಡಿ ಮೂರು ಶೀಟಿಗೆ ಹಾಕಿದೆ. ಒಂದೇ ಫಿಲ್ಟರ್ ಮೂರು ಸಲ ಹಾಕಬೇಕು, ಪರವಾಗಿಲ್ಲ, ಮೂರು ಡಿವಿಜನ್ನಿನ ಚೆಕ್‌ರೋಲ್ ಬರೆದು ಅಭ್ಯಾಸ ಇದೆ.

ಕ್ಯೂ ಇರಬೇಕು, ಕ್ಯೂ-ಯು ಇರಬಾರದು ಅಂತ ಹಾಕಿದ ತಕ್ಷಣ ಸಣ್ಣ ಪಟ್ಟಿ ಬಂತು, ನೋಡಿ ಖುಷಿ ಆಯ್ತು. ನನ್ನ ಕಿಂಟಾರ್ಸ್ ಅಲ್ಲೇ ಕೂತಿತ್ತು. ಕೀಬೋರ್ಡಿನ ಮೇಲಿನ ಸಾಲು ಇದೆಯಲ್ಲ, ಕ್ಯೂ-ಡಬ್ಲ್ಯು-ಇ-ಆರ್-ಟಿ-ವೈ, ಅದೂ ಒಂದು ಪದವಂತೆ! ಇಷ್ಟು ವರ್ಷ ಬೆರಳ ಕೆಳಗೇ ಇತ್ತು.

ಆದರೆ ಮೇಷ್ಟ್ರು ಹೇಳಿದ ಕ್ಯೂ-ಐ ಮಾತ್ರ ಪಟ್ಟಿಯಲ್ಲಿ ಇಲ್ಲ. ಮೂರು ಶೀಟೂ ನೋಡಿದೆ. ಝಡ್-ಎ ಕೂಡ ಇಲ್ಲ. ಯಾರು ಸರಿ? ಇದನ್ನು ಶನಿವಾರದ ಒಳಗೆ ಹೇಳಿಬಿಡಿ ದಯವಿಟ್ಟು.

ಹಾಸನ_ಹುಡುಗ

ನನ್ನದೇ ತಪ್ಪು ಅಣ್ಣ, ಮೊದಲೇ ಹೇಳಬೇಕಿತ್ತು. ಎನೇಬಲ್ ಹಳೇ ಪಟ್ಟಿ. ಅಮೆರಿಕದ ಆಟದ ಪಟ್ಟಿಗೆ ಕ್ಯೂ-ಐ, ಝಡ್-ಎ ಎರಡೂ ಸೇರಿದ್ದೇ 2006ರಲ್ಲಿ, ಎನೇಬಲ್ ಅದಕ್ಕಿಂತ ಹಿಂದಿನದು. ಮೇಷ್ಟ್ರು ಹೇಳ್ತಿರೋದು ಕಾಲಿನ್ಸ್ ಪಟ್ಟಿ. ನಮ್ಮ ದೇಶದ ಟೂರ್ನಮೆಂಟ್‌ಗಳಲ್ಲೂ ಅದನ್ನೇ ಬಳಸೋದು. ಅಮೆರಿಕದವರ ಪಟ್ಟಿ ಬೇರೆ, ಮೊಬೈಲ್ ಆಟಗಳದ್ದು ಮತ್ತೂ ಬೇರೆ. ಒಂದರಲ್ಲಿ ಇರೋದು ಇನ್ನೊಂದರಲ್ಲಿ ಇರಲ್ಲ. ಅದಕ್ಕೆ ಚೀಲಕ್ಕೆ ಕೈ ಹಾಕೋ ಮೊದಲೇ ಯಾವ ಪಟ್ಟಿ ಅಂತ ಮಗಳ ಹತ್ತಿರ ಮಾತಾಡಿಕೊಳ್ಳಿ. ಇಲ್ಲದಿದ್ರೆ ಪಾತ್ರೆ ಯಾರು ತೊಳೀಬೇಕು ಅಂತ ತೀರ್ಮಾನವೇ ಆಗಲ್ಲ.

ಕಾಫಿಪುಡಿ_ಅಕ್ಕ

ನಾನು ಚಿಕ್ಕಮಗಳೂರು ಪೇಟೆಯವಳು, ಇಲ್ಲಿ ನೆಟ್ ಚೆನ್ನಾಗಿದೆ (ಮೂಡಿಗೆರೆಯವರು ಹೊಟ್ಟೆ ಉರ್ಕೋಬೇಡಿ). ನನಗೆ ಸ್ಕ್ರ್ಯಾಬಲ್‌ಗೆ ಜೊತೆ ಯಾರೂ ಇಲ್ಲ. ಬೆಳಿಗ್ಗೆ ಡಿಕಾಕ್ಷನ್ ಇಳಿಯೋದರೊಳಗೆ ವರ್ಡಲ್ ಆಡಿಬಿಡ್ತೀನಿ. ಐದಕ್ಷರದ ಪದ, ಆರು ಅವಕಾಶ. ಜೋಶ್ ವಾರ್ಡಲ್ ಅನ್ನೋರು ತಮ್ಮ ಸಂಗಾತಿ ಜೊತೆ ಆಡೋಕೆ ಅಂತ ಮಾಡಿದ್ದು, 2021ರಲ್ಲಿ ಎಲ್ಲರಿಗೂ ಬಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು.

ರೈಟರ್ ಅವರ ಪ್ರಶ್ನೆಗೆ ಇದೂ ಹತ್ತಿರದ್ದೇ. ಇಲ್ಲಿ ಬೇಕಾಗೋದು ಮೂರು ಥರ: ಈ ಅಕ್ಷರ ಈ ಜಾಗದಲ್ಲೇ ಇದೆ (ಹಸಿರು ಬಣ್ಣ), ಈ ಅಕ್ಷರ ಇದೆ ಆದರೆ ಎಲ್ಲಿ ಗೊತ್ತಿಲ್ಲ (ಹಳದಿ), ಈ ಅಕ್ಷರ ಇಲ್ಲವೇ ಇಲ್ಲ. ನೆಟ್ ಇರೋರು ಒನ್‌ಲುಕ್ ಅನ್ನೋ ಡಿಕ್ಷನರಿ ಸೈಟ್ ನೋಡಿ. ಅಲ್ಲೂ ಹಾಸನದ ತಮ್ಮ ಹೇಳಿದ ಪ್ರಶ್ನಾರ್ಥಕವೇ. ಕೊನೆಗೆ ಮೈನಸ್ ಹಾಕಿ ಅಕ್ಷರ ಬರೆದರೆ ಆ ಅಕ್ಷರ ಇರೋ ಪದ ಬಿಟ್ಟುಬಿಡುತ್ತೆ. ಎರಡು ಓರೆಗೆರೆ ಹಾಕಿ ಅಕ್ಷರ ಬರೆದರೆ ಅದನ್ನು ಕಲಸಿ ಆಗುವ ಪದ ಕೊಡುತ್ತೆ, ರೈಟರ್ ಅವರ ಏಳು ಬಿಲ್ಲೆಗೆ ಅದೇ ಬೇಕಿದ್ದದ್ದು.

ಆದರೆ ನಿಜ ಹೇಳ್ತೀನಿ, ವರ್ಡಲ್‌ಗೆ ಅದನ್ನೆಲ್ಲ ನೋಡಿದರೆ ಆಟ ಎರಡು ನಿಮಿಷಕ್ಕೆ ಸಪ್ಪೆ ಆಗುತ್ತೆ. ನನ್ನ ಶತ್ರು ಒಂದೇ, ಕೊನೆಗೆ ಐ-ಜಿ-ಎಚ್-ಟಿ ಬರೋ ಪದಗಳು. ಲೈಟ್, ನೈಟ್, ರೈಟ್, ಫೈಟ್, ಸೈಟ್, ಟೈಟ್, ಮೈಟ್, ಏಟ್. ನಾಲ್ಕು ಹಸಿರು ಬಂದಿದೆ, ಇನ್ನೇನು ಗೆದ್ದೆ ಅಂದುಕೊಂಡು ಒಂದೊಂದೇ ಹಾಕ್ತಾ ಹೋದರೆ ಆರು ಅವಕಾಶವೂ ಮುಗಿದು ಕಾಫಿಯೂ ಆರಿಹೋಗುತ್ತೆ. ಹಾಗೆ ಮೂರು ಸಲ ಸೋತಮೇಲೆ ಬುದ್ಧಿ ಬಂತು. ಒಂದು ಅವಕಾಶ ಬೇಕಂತಲೇ ಕಳ್ಕೊಳ್ಳಬೇಕು. ಎಫ್-ಇ-ಆರ್-ಎನ್-ಎಸ್ ಹಾಕಿ, ನಮ್ಮ ಹಳ್ಳದ ಬದಿಯ ಜರಿಗಿಡ. ಗೆಲ್ಲೋ ಪದ ಅಲ್ಲ ಅಂತ ಗೊತ್ತು, ಆದರೆ ಫೈಟ್, ಏಟ್, ರೈಟ್, ನೈಟ್, ಸೈಟ್ ಐದನ್ನೂ ಒಂದೇ ಏಟಿಗೆ ವಿಚಾರಿಸಿಬಿಡುತ್ತೆ. ಯಾವುದಕ್ಕೆ ಬಣ್ಣ ಬರುತ್ತೋ ಅದು (ಎಫ್ ಆದರೆ ಹಸಿರು, ಉಳಿದವು ಹಳದಿ). ಯಾವುದಕ್ಕೂ ಬರಲಿಲ್ಲ ಅಂದ್ರೆ ಎಂಟರಲ್ಲಿ ಉಳಿಯೋದು ಲೈಟ್, ಮೈಟ್, ಟೈಟ್ ಮೂರೇ.

ಇನ್ನೊಂದು ಯೋಚನೆ ಬರುತ್ತೆ ನನಗೆ. ಪೇಪರಿನ ಪದಬಂಧ ಅಮ್ಮನ ಕಾಲದಿಂದ ಬಿಡಿಸಿಕೊಂಡು ಬಂದವಳು ನಾನು. ಕನ್ನಡದಲ್ಲಿ ಈ ಕಲಸೋ ಆಟ ಆಡೋಕೇ ಆಗಲ್ಲ ನೋಡಿ. ಪದಬಂಧದ ಒಂದು ಮನೆಯಲ್ಲಿ 'ಸ್ತ್ರೀ' ಅಂತ ಇಡೀ ಅಕ್ಷರ ಒಟ್ಟಿಗೆ ಕೂರುತ್ತೆ, ಒತ್ತು, ದೀರ್ಘ ಎಲ್ಲ ಸೇರಿ. ಇಂಗ್ಲಿಷ್‌ನಲ್ಲಿ ಅದಕ್ಕೆ ನಾಲ್ಕೋ ಐದೋ ಮನೆ. ನಮ್ಮ ಬಿಲ್ಲೆ ಮಾಡಿದರೆ ಕಾಗುಣಿತಕ್ಕೆಲ್ಲ ಒಂದೊಂದು ಬಿಲ್ಲೆ ಬೇಕು, ಒತ್ತಕ್ಷರಕ್ಕೆ ಬೇರೆ. ಚೀಲ ಅಲ್ಲ, ಗೋಣಿಚೀಲ ಬೇಕಾಗುತ್ತೆ.

ಸಾಲಗಾಮೆ_ಮೇಷ್ಟ್ರು

ಗೋಣಿಚೀಲ! ಚೆನ್ನಾಗಿ ಹೇಳಿದಿರಿ ಅಕ್ಕ.

ಬಿಲ್ಲೆ ವಿಷಯ ಬಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಕ್ರ್ಯಾಬಲ್ ಕಟ್ಟಿದ ಆಲ್ಫ್ರೆಡ್ ಬಟ್ಸ್ ಅಮೆರಿಕದ ಆರ್ಕಿಟೆಕ್ಟ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿತ್ತು. ಸುಮ್ಮನೆ ಕೂರದೆ ಪತ್ರಿಕೆಯ ಮುಖಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದ. ಆ ಲೆಕ್ಕದ ಮೇಲೆ ಬಿಲ್ಲೆ ಮಾಡಿದ. 100 ಬಿಲ್ಲೆಯಲ್ಲಿ ಇ 12, ಎ ಮತ್ತು ಐ ಒಂಬತ್ತೊಂಬತ್ತು, ಕ್ಯೂ ಝಡ್ ಜೆ ಎಕ್ಸ್ ಕೆ ಒಂದೊಂದೇ. ಎಸ್ ಮಾತ್ರ ನಾಲ್ಕಕ್ಕೆ ನಿಲ್ಲಿಸಿದ, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಯೇ ಬದುಕಿಬಿಡುತ್ತಾರೆ ಅಂತ. ಆದ್ದರಿಂದ ರೈಟರೇ, ಎಸ್ ಬಂದರೆ ಎಂಟು ಹತ್ತು ಅಂಕಕ್ಕೆ ಖರ್ಚು ಮಾಡಬೇಡಿ, ಇಟ್ಟುಕೊಳ್ಳಿ. ಮತ್ತೆ ಆ ಕಾಫಿ ಬೀಜವನ್ನು ದಯವಿಟ್ಟು ತೆಗೆದು ರಟ್ಟಿನಲ್ಲಿ ಒಂದು ಇ ಕತ್ತರಿಸಿ ಹಾಕಿ. ಹನ್ನೆರಡು ಇ ಅಂತ ಅವನು ಅಷ್ಟು ಎಣಿಸಿ ಇಟ್ಟಿದ್ದಾನೆ.

ಮೂಡಿಗೆರೆ_ರೈಟರ್

ಮೇಷ್ಟ್ರೇ, ರಟ್ಟಿನ ಇ ಆಯ್ತು. ಆದರೆ ಕೈ ಹಾಕಿದರೆ ಅದೂ ಗೊತ್ತಾಗುತ್ತೆ.

ನಿನ್ನೆ ಶನಿವಾರದ ಸುದ್ದಿ. ಕ್ಯಾಲೆಂಡರ್ ಹಿಂದೆ ಎಕ್ಸ್, ಝಡ್, ಕ್ಯೂ, ಜೆ ಬರೆದುಕೊಂಡು ವಾರವೆಲ್ಲ ಓದಿದ್ದೆ. ಹುಡುಗ ಹೇಳಿದ ಹಾಗೆ ಆಟಕ್ಕೆ ಮೊದಲೇ ಕಾಲಿನ್ಸ್ ಅಂತ ಒಪ್ಪಂದ ಆಯ್ತು. ಅವಳು ಹಾಸನದಿಂದಲೇ ಫೋನಿಗೆ ಆ ಪಟ್ಟಿ ಹಾಕಿಕೊಂಡು ಬಂದಿದ್ದಳು, ನೆಟ್ ಇಲ್ಲದೇ ತೋರಿಸುತ್ತೆ. ಚಾಲೆಂಜ್ ಬಂದಾಗ, ಅಂದ್ರೆ ಇದು ಪದವೇ ಅಲ್ಲ ಅಂತ ಒಬ್ಬರು ತಕರಾರು ಎತ್ತಿದಾಗ ಮಾತ್ರ ನೋಡೋದು, ತಪ್ಪು ಚಾಲೆಂಜ್ ಮಾಡಿದವರ ಸರದಿ ಹೋಯ್ತು. ಮೂರನೇ ಸರದಿಗೆ ನನಗೆ ಎಕ್ಸ್ ಬಂತು, ಯು ಪಕ್ಕ ಇಟ್ಟು ಎಕ್ಸ್-ಯು ಮಾಡಿದೆ. ಅವಳು ನಕ್ಕು ಚಾಲೆಂಜ್ ಅಂದಳು. ನೋಡಿದಳು. ನಗು ನಿಂತಿತು. ಏಳು ಗಂಟೆಗೆ ನಾನು 40 ಅಂಕ ಮುಂದೆ.

ಆಮೇಲೆ ಅವಳು ಬೋರ್ಡಿನ ಮೂಲೆಯಲ್ಲಿ ಐ-ಡಿ-ಎಲ್-ಐ ಅಂತ ಇಟ್ಟಳು. ಇಡ್ಲಿ! ನಾನು ಸುಮ್ಮನಿರಬೇಕಿತ್ತು. ಇದು ಇಂಗ್ಲಿಷಾ, ಬೆಳಿಗ್ಗೆ ನಿಮ್ಮಮ್ಮ ಇದನ್ನೇ ಬೇಯಿಸಿದ್ದು, ಚಾಲೆಂಜ್ ಅಂದೆ. ನನ್ನ ಮೂರು ಶೀಟಿನಲ್ಲಿ ಇಡ್ಲಿ ಇಲ್ಲ ಅಂತ ನನಗೆ ಗೊತ್ತಿತ್ತು, ಹಿಂದಿನ ದಿನ ಸುಮ್ನೆ ಕುತೂಹಲಕ್ಕೆ ಹುಡುಕಿದ್ದೆ. ಅವಳು ಫೋನ್ ತಿರುಗಿಸಿ ತೋರಿಸಿದಳು. ಕಾಲಿನ್ಸ್‌ನಲ್ಲಿ ಇಡ್ಲಿ ಇದೆ. ದೋಸೆಯೂ ಇದೆಯಂತೆ. ನನ್ನ ಸರದಿ ಹೋಯ್ತು, ಅಷ್ಟರಲ್ಲಿ ಅವಳು ಮೂರು ಪಟ್ಟಿನ ಮನೆಗೆ ಝಡ್ ಹೊತ್ತುಕೊಂಡು ಹೋಗಿ ಕೂತಳು. ಒಂಬತ್ತು ಅಂಕಕ್ಕೆ ಸೋತೆ.

ಪಾತ್ರೆಯಲ್ಲಿ ಇಡ್ಲಿ ತಟ್ಟೆಯೂ ಇತ್ತು. ಹಾಸನದ ತಮ್ಮ, ಆ ಕಾಲಿನ್ಸ್ ಪಟ್ಟಿಯನ್ನು ಎಕ್ಸೆಲ್ಲಿಗೆ ಹಾಕಿದರೆ ನನಗೆ ಐದು ಶೀಟ್ ಬೇಕಾಗುತ್ತೆ ಅಲ್ವಾ?

ಹಾಸನ_ಹುಡುಗ

ಐದು ಶೀಟೇ ಬೇಕು ಅಣ್ಣ. ಸಾಹುಕಾರರಿಗೆ ಹೊಸ ಎಕ್ಸೆಲ್ ಹಾಕಿಸೋಕೆ ಹೇಳಿ. ಚೆಕ್‌ರೋಲ್‌ಗೆ ಅಂತ ಹೇಳಿ.